ನ್ಯೂಕ್ಲಿಯರ್ ಪೋರ್ ದಾಟಿದ್ದು ನುಸುಳಿಯೋ, ಇಂಪೋರ್ಟಿನ್ ಹಿಡಿದೋ? ಡಿಜಿಟೋನಿನ್ ಪರೀಕ್ಷೆ ಮಾಡುವ ಬಗೆ

ಪ್ರೋಟೀನ್ ನ್ಯೂಕ್ಲಿಯಸ್ ಸೇರಿದ್ದು ಕಂಡ ಮಾತ್ರಕ್ಕೆ ಇಂಪೋರ್ಟಿನ್ (ಸರಕನ್ನು ಒಳಗೆ ಸಾಗಿಸುವ ಪ್ರೋಟೀನ್) ಅದನ್ನು ಹೊತ್ತೊಯ್ದಿದೆ ಎನ್ನಲಾಗದು. ಸುಮಾರು 40 ಕಿಲೋಡಾಲ್ಟನ್‌ಗಿಂತ ಚಿಕ್ಕವು ಪೋರ್‌ನಲ್ಲಿ, ಅಂದರೆ ನ್ಯೂಕ್ಲಿಯಸ್ಸಿನ ಪೊರೆಯ ರಂಧ್ರದಲ್ಲಿ, ತಾವಾಗಿಯೇ ಸೋರುತ್ತವೆ. 27 ಕಿಲೋಡಾಲ್ಟನ್‌ನ ಬರೀ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಇಲ್ಲಿ ಕೆಲಸಕ್ಕೆ ಬಾರದು. ಜಿಎಸ್‌ಟಿ ಎಂಬ ಪ್ರೋಟೀನ್ ಸೇರಿಸಿದ ಜಿಎಸ್‌ಟಿ–ಜಿಎಫ್‌ಪಿಗೆ ಎಸ್‌ವಿ40 ವೈರಸ್ಸಿನ ಪಿಕೆಕೆಕೆಆರ್‌ಕೆವಿ ಸಂಕೇತ (ನ್ಯೂಕ್ಲಿಯಸ್ಸಿಗೆ ಒಯ್ಯಬೇಕೆಂದು ಇಂಪೋರ್ಟಿನ್‌ಗೆ ತಿಳಿಸುವ ಅಮೈನೋ ಆಮ್ಲಗಳ ಸಾಲು) ಜೋಡಿಸಿ; ಇದೇ ನಮ್ಮ ಸರಕು. ಜಿಎಸ್‌ಟಿ ಜೋಡಿಗೂಡುವುದರಿಂದ ಒಟ್ಟು ತೂಕ 100 ಕಿಲೋಡಾಲ್ಟನ್ ದಾಟುತ್ತದೆ. ಎರಡನೇ ಲೈಸೀನ್ ಜಾಗದಲ್ಲಿ ಥ್ರಿಯೋನಿನ್ ಇರುವ ಕೆಟ್ಟ ಸಂಕೇತವನ್ನೂ ಹೋಲಿಕೆಗೆಂದು ತಯಾರಿಸಿಕೊಳ್ಳಿ.

ಬಫರ್: ಹೆಪೀಸ್ 20 ಮಿಲಿಮೋಲಾರ್ (ಪಿಎಚ್ 7.3), ಪೊಟ್ಯಾಸಿಯಂ ಅಸಿಟೇಟ್ 110, ಮೆಗ್ನೀಸಿಯಂ ಅಸಿಟೇಟ್ 2, ಇಜಿಟಿಎ 1, ಡಿಟಿಟಿ 2. ಡಿಟಿಟಿಯನ್ನು ಆಯಾ ದಿನವೇ ಹಾಕಿ.

ಕವರ್‌ಸ್ಲಿಪ್ ಮೇಲಿನ ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಮಂಜುಗಡ್ಡೆಯ ಮೇಲೆ 5 ನಿಮಿಷ ಡಿಜಿಟೋನಿನ್ ಕೊಡಿ, ಮಿಲಿಲೀಟರಿಗೆ 40 ಮೈಕ್ರೋಗ್ರಾಂ. ಇದು ಕೊಲೆಸ್ಟರಾಲ್‌ಗೆ ಅಂಟುತ್ತದೆ. ಹೊರಪೊರೆಯಲ್ಲಿ ಅದು ಹೇರಳ, ನ್ಯೂಕ್ಲಿಯಸ್ಸಿನ ಪೊರೆಯಲ್ಲಿ ಕಡಿಮೆ. ಹಾಗಾಗಿ ಹೊರಪೊರೆ ಮಾತ್ರ ತೂತಾಗುತ್ತದೆ. ಬ್ಯಾಚಿನಿಂದ ಬ್ಯಾಚಿಗೆ ಇದರ ಬಲ ಬದಲಾಗುವುದರಿಂದ ಮೊದಲು 20ರಿಂದ 60ರವರೆಗೆ ಪರೀಕ್ಷಿಸಿ. ಪ್ರಮಾಣ ಸರಿಯಿದ್ದರೆ ಟ್ರಿಪಾನ್ ಬ್ಲೂ (ಪೊರೆ ತೂತಾದ ಕೋಶಕ್ಕೆ ಹಿಡಿಯುವ ಬಣ್ಣ) ಬಹುತೇಕ ಎಲ್ಲ ಕೋಶಗಳಿಗೂ ಹಿಡಿಯುತ್ತದೆ, ಹೊಳೆಯುವ 70 ಕಿಲೋಡಾಲ್ಟನ್ ಡೆಕ್ಸ್‌ಟ್ರಾನ್ ಮಾತ್ರ ನ್ಯೂಕ್ಲಿಯಸ್ಸಿನ ಹೊರಗೇ ನಿಲ್ಲುತ್ತದೆ. ಅದೂ ಒಳಗೆ ಹೊಳೆಯಿತೇ? ಆ ಸ್ಲಿಪ್ ಎಸೆಯಿರಿ.

ಮೂರು ಸಲ ತೊಳೆದಾಗ ಕೋಶದ ಸ್ವಂತ ಇಂಪೋರ್ಟಿನ್ ಬಹುಪಾಲು ಹೋಗುತ್ತದೆ. ಈಗ ಸರಕಿನೊಂದಿಗೆ ಇಂಪೋರ್ಟಿನ್ ಆಲ್ಫಾ, ಬೀಟಾ ತಲಾ 1 ಮೈಕ್ರೋಮೋಲಾರ್, ರಾನ್–ಜಿಡಿಪಿ (ಸಾಗಣೆಯನ್ನು ನಿಯಂತ್ರಿಸುವ ರಾನ್ ಪ್ರೋಟೀನ್, ಜಿಡಿಪಿ ಹಿಡಿದ ರೂಪದಲ್ಲಿ) 3, ಸ್ವಲ್ಪ ಎನ್‌ಟಿಎಫ್2 (ರಾನ್ ಅನ್ನು ಒಳಗೊಯ್ಯುವ ಪ್ರೋಟೀನ್). ಎಟಿಪಿ 1 ಮಿಲಿಮೋಲಾರ್, ಜಿಟಿಪಿ 0.5, ಕ್ರಿಯೇಟಿನ್ ಫಾಸ್ಫೇಟ್ 5, ಅದರ ಕೈನೇಸ್ ಮಿಲಿಲೀಟರಿಗೆ 20 ಯೂನಿಟ್. 30 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ.

ಪ್ರೋಟೀನ್‌ಗಳ ನಂಟು ಬಯಲಾಗುವುದು ಕಂಟ್ರೋಲ್‌ಗಳಲ್ಲಿ. 4 ಡಿಗ್ರಿಯಲ್ಲಿ, ಶಕ್ತಿಯ ಮಿಶ್ರಣ (ಎಟಿಪಿ, ಜಿಟಿಪಿ ಇತ್ಯಾದಿ) ಬಿಟ್ಟು ನೋಡಿದರೆ ಸರಕು ನ್ಯೂಕ್ಲಿಯಸ್ಸಿನ ಅಂಚಿಗೆ ತೆಳು ಉಂಗುರದಂತೆ ಅಂಟಿರುತ್ತದೆ: ಇಂಪೋರ್ಟಿನ್ ಬೀಟಾ ಪೋರ್‌ನ ಎಫ್‌ಜಿ ಪ್ರೋಟೀನ್‌ಗಳನ್ನು (ಫಿನೈಲ್‌ಅಲನಿನ್–ಗ್ಲೈಸಿನ್ ಜೋಡಿ ಮತ್ತೆ ಮತ್ತೆ ಬರುವವು) ಹಿಡಿದಿದೆ, ಒಳಗೆ ಹೋಗಿಲ್ಲ. ಜಿಟಿಪಿಯನ್ನು ಒಡೆಯಲಾರದ, ರಾನ್‌ನ ರೂಪಾಂತರವಾದ ಕ್ಯೂ69ಎಲ್ ಹಾಕಿದರೆ ಬೀಟಾ ಹೊರಗೇ ಸರಕನ್ನು ಬಿಟ್ಟುಬಿಡುವುದರಿಂದ ಉಂಗುರವೂ ಮಾಸುತ್ತದೆ. ಎಫ್‌ಜಿ ಪ್ರೋಟೀನ್‌ಗಳ ಮೇಲಿನ ಸಕ್ಕರೆಗೆ ಅಂಟುವ ಗೋಧಿ ಮೊಳಕೆಯ ಲೆಕ್ಟಿನ್ ದಾಟುವಿಕೆಯನ್ನೇ ತಡೆಯುತ್ತದೆ. ಹೆಕ್ಸೇನ್‌ಡಯಾಲ್ ಪೋರ್ ಸಡಿಲಿಸುವುದು ನಿಜ, ಆದರೆ ಅದು ಇನ್ನೂ ಹಲವು ಬಂಧಗಳನ್ನು ಕೆಡಿಸುತ್ತದೆ. ಅದೊಂದನ್ನೇ ಪುರಾವೆ ಎನ್ನಬೇಡಿ.

ಅಳೆಯುವಾಗ ನ್ಯೂಕ್ಲಿಯಸ್–ಸೈಟೋಪ್ಲಾಸಂ ಅನುಪಾತ ತೆಗೆಯಬೇಡಿ, ತೊಳೆದ ಕೋಶದ ಸೈಟೋಪ್ಲಾಸಂ ಖಾಲಿ. ಹಿನ್ನೆಲೆ ಕಳೆದು, ಪ್ರತಿ ಸ್ಥಿತಿಗೂ 50ಕ್ಕೆ ಕಡಿಮೆಯಿಲ್ಲದಷ್ಟು ನ್ಯೂಕ್ಲಿಯಸ್‌ಗಳ ಸರಾಸರಿ ಹೊಳಪು ತೆಗೆಯಿರಿ.