ಕಾಡಿನ ಹಕ್ಕುಗಳಿಗೆ ಅರ್ಜಿ: ಮೊದಲು ಎಲ್ಲೆ ನಡೆಯಿರಿ

2006ರ ಅರಣ್ಯ ಹಕ್ಕು ಕಾಯ್ದೆ ಅಂದ ಕೂಡಲೇ ಹಾಡಿ, ಪೋಡುಗಳಲ್ಲಿ (ಕಾಡಿನ ಆದಿವಾಸಿಗಳ ಪುಟ್ಟ ಊರುಗಳಲ್ಲಿ) ಎಲ್ಲರೂ ಹುಡುಕುವುದು ಅರ್ಜಿಯ ನಮೂನೆ ‘ಎ’. ಅದು ಮನೆ, ಹೊಲಕ್ಕೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅನುಭವದಲ್ಲಿರಬೇಕು, ಮಿತಿ 4 ಹೆಕ್ಟೇರ್. ಜೇನು, ನೆಲ್ಲಿಕಾಯಿ ತರುವ, ದನ ಮೇಯಿಸುವ ಹಕ್ಕಿಗೆ ‘ಬಿ’. ಊರಿನ ರೂಢಿಯ ಎಲ್ಲೆಯೊಳಗಿನ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರಕ್ಕೆ ‘ಸಿ’. ಬಿಟ್ಟುಹೋಗುವುದು ಈ ಮೂರನೆಯದೇ. ನಮ್ಮನ್ನು ಕೇಳಿದರೆ, ಬಿಡಲೇಬಾರದ್ದೂ ಇದೇ.

ಪಂಚಾಯಿತಿಯ ಸಭೆ ಸಾಲದು. ಹಾಡಿಯದೇ ಗ್ರಾಮಸಭೆ ಸೇರಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅದರಲ್ಲಿ ಮೂರನೇ ಎರಡರಷ್ಟು ಪರಿಶಿಷ್ಟ ಪಂಗಡದವರು, ಮೂರನೇ ಒಂದರಷ್ಟು ಹೆಂಗಸರು ಇರಲಿ.

ಇನ್ನು ನಕ್ಷೆ. ಹಿರಿಯರನ್ನು ಮುಂದೆ ಬಿಟ್ಟು ಎಲ್ಲೆಯುದ್ದಕ್ಕೂ ನಡೆಯಿರಿ. ಹಳ್ಳ, ಬಂಡೆ, ಸಮಾಧಿ, ದೇವರ ಮರ ಸಿಕ್ಕಲ್ಲೆಲ್ಲ ನಿಂತು, ಅವರು ಕರೆಯುವ ಹೆಸರನ್ನೇ ಮೊದಲು ಬರೆದುಕೊಳ್ಳಿ, ಆಮೇಲೆ ಜಿಪಿಎಸ್ ಗುರುತು ಹಾಕಿ. ಬರೀ ಅಂಕಿಗಳಿದ್ದರೆ ನಕ್ಷೆಗೂ ಹಿರಿಯರ ಹೇಳಿಕೆಗೂ ತಾಳೆಯಾಗದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ‘ದೊಡ್ಡ ಸಂಪಿಗೆ’ ಬರೀ ಮರವಲ್ಲ, ದೇವರು. ಇಂಥ ಪೂಜಾಸ್ಥಳವನ್ನೂ ನಿಯಮ ಸಾಕ್ಷ್ಯವೆಂದೇ ಒಪ್ಪುತ್ತದೆ. (ಅಲ್ಲಿನ ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ, ಹುಲಿ ಮೀಸಲಿನೊಳಗೇ.) ಪಕ್ಕದ ಹಾಡಿಯವರೂ ಜೊತೆಗೆ ನಡೆಯಲಿ, ಗಡಿ ತಕರಾರು ಅಲ್ಲೇ ತೀರುತ್ತದೆ.

ಸಾಕ್ಷ್ಯ ಕನಿಷ್ಠ ಎರಡು ಬೇಕು. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಒಂದಾಯಿತು, ಆದರೆ ಹೇಳುವವರು ಅರ್ಜಿದಾರರಾಗಿರಬಾರದು. ‘ಸಿ’ ನಮೂನೆಗೆ ಇಡೀ ಹಾಡಿಯೇ ಅರ್ಜಿದಾರ. ಹಾಗಾಗಿ ನೆರೆಯ ಹಾಡಿಯ ಹಿರಿಯರಿಂದ ಹೇಳಿಸುವುದು ಜಾಣತನ. ‘ಉಪಗ್ರಹ ಚಿತ್ರದಲ್ಲಿ ಕಾಣುತ್ತಿಲ್ಲ’ ಅಂದರೆ ಹೆದರಬೇಡಿ. ಆ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕವಷ್ಟೆ, ಬದಲಿಯಲ್ಲ.

ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಇಲಾಖೆಗಳಿಗೆ ಲಿಖಿತ ನೋಟಿಸ್ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾರದೇ ಉಳಿದು ಆಮೇಲೆ ತಕರಾರು ತೆಗೆದರೆ ಮರುಪರಿಶೀಲನೆ ನಡೆದೀತು. ಆಗಲೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆ ಹೇಳಿದ್ದೇ ಅಂತಿಮ. ಆ ಸ್ವೀಕೃತಿ ಇಲ್ಲದಿದ್ದರೆ ಇದನ್ನು ಸಾಧಿಸುವುದು ಕಷ್ಟ.

ನಿರ್ಣಯದ ದಿನ ಸದಸ್ಯರಲ್ಲಿ ಅರ್ಧದಷ್ಟು ಜನ, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರು ಇರಲೇಬೇಕು. ಸಹಿ, ಹೆಬ್ಬೆಟ್ಟುಗಳನ್ನು ಅಲ್ಲೇ ಹಾಕಿಸಿ. ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸಿದ್ದು ಗೊತ್ತಾದರೆ ಸಭೆಯೇ ನಡೆದಿಲ್ಲ ಎಂದಾರು.

ಅರ್ಜಿ ತಿರಸ್ಕಾರವಾದರೆ ಕಾರಣ ಬರಹದಲ್ಲೇ ಬರಬೇಕು, ಮೇಲ್ಮನವಿಗೆ 60 ದಿನ. ಮಂಜೂರಾದರೆ ಮನೆ, ಹೊಲದ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆಯೇ ನೋಡಿ. ಒಂದೇ ಇದ್ದರೆ ತಿದ್ದಿಸಿಕೊಳ್ಳಿ.