2019ರ ಬೆನ್ನು ಹತ್ತಿ: ನನ್ನ ಅನುಭವ

ಕಥೆಗಾರರು ಮೊದಲೇ ಕಲ್ಪಿಸಿದ್ದ 2019 ಹೇಗಿತ್ತೆಂದು ನೋಡಲು ಕುಳಿತಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡೇ ಅಂಕಣಗಳಿದ್ದವು: ‘ನಿಜವಾಯಿತು’, ‘ಸುಳ್ಳಾಯಿತು’. 1982ರ ‘ಬ್ಲೇಡ್ ರನ್ನರ್’ ಚಿತ್ರದ ಹಾರುವ ಕಾರು ಸುಳ್ಳಿನ ಕಡೆ ಹೋಯಿತು. 2019ರಲ್ಲೇ ನಡೆಯುವ ಜಪಾನಿನ ಅನಿಮೇಷನ್ ಚಿತ್ರ ‘ಅಕಿರಾ’ದಲ್ಲಿ 2020ರ ಟೋಕಿಯೋ ಒಲಿಂಪಿಕ್ಸ್‌ಗೆ 147 ದಿನ ಬಾಕಿ ಎನ್ನುವ ಫಲಕವಿದೆ. ಚಿತ್ರ ಬಂದದ್ದು 1988ರಲ್ಲಿ. 2020ರ ಕ್ರೀಡಾಕೂಟ ಟೋಕಿಯೋಗೇ ಎಂದು ತೀರ್ಮಾನವಾದದ್ದು 2013ರಲ್ಲಿ. ಮೈ ಜುಮ್ಮೆಂದಿತು, ನಿಜದ ಕಡೆ ಬರೆದುಕೊಂಡೆ. ಆದರೆ ಕೂಟ ನಡೆದದ್ದು 2021ರಲ್ಲಿ. ಈಗ ಅದನ್ನು ಎಲ್ಲಿಗೆ ಸೇರಿಸುವುದು? ಕಥೆ ಹೇಳುವವನನ್ನು ಜ್ಯೋತಿಷಿಯಂತೆ ಅಳೆಯುತ್ತಿದ್ದೇನೆ ಅನ್ನಿಸಿ ಎರಡೂ ಅಂಕಣಗಳನ್ನು ಹೊಡೆದುಹಾಕಿದೆ.

ಮತ್ತೆ ಶುರುಮಾಡುವಾಗ ಒಂದು ನಿಯಮ ಹಾಕಿಕೊಂಡೆ: ಇಸವಿಯನ್ನು ಕೃತಿಯೇ ಹೇಳಿರಬೇಕು. ‘ಬ್ಲೇಡ್ ರನ್ನರ್’ ಆರಂಭದಲ್ಲೇ ಲಾಸ್ ಏಂಜಲೀಸ್, ನವೆಂಬರ್ 2019 ಎಂದು ತೆರೆಯ ಮೇಲೆ ಬರುತ್ತದೆ. ಅದಕ್ಕೆ ಆಧಾರವಾದ ಫಿಲಿಪ್ ಕೆ. ಡಿಕ್ ಅವರ 1968ರ ಕಾದಂಬರಿ ನಡೆಯುವುದು 1992ರಲ್ಲಿ. ನಂತರದ ಮುದ್ರಣಗಳಲ್ಲಿ ಅದನ್ನು 2021ಕ್ಕೆ ಸರಿಸಿದರು. ಯಾವ ಲೆಕ್ಕದಲ್ಲೂ 2019 ಅಲ್ಲ. ನನಗೆ ತುಂಬಾ ಪ್ರಿಯವಾದ ಪುಸ್ತಕ, ಮನಸ್ಸಿಲ್ಲದ ಮನಸ್ಸಿನಿಂದ ಪಟ್ಟಿಯಿಂದ ಹೊರಗಿಟ್ಟೆ.

ಹೊಸ ಅಂಕಣಕ್ಕೆ ‘ಕೈಯಲ್ಲಿ ಏನಿದೆ?’ ಎಂದು ಹೆಸರಿಟ್ಟೆ. ‘ಬ್ಲೇಡ್ ರನ್ನರ್’ ಚಿತ್ರವನ್ನು ಸದ್ದು ನಿಲ್ಲಿಸಿ, ದೃಶ್ಯ ದೃಶ್ಯಕ್ಕೂ ತಡೆದು ನೋಡಿದೆ. ನಾಯಕ ಡೆಕಾರ್ಡ್ ಮೊದಲು ಕಾಣಿಸಿಕೊಳ್ಳುವಾಗ ಅವನ ಕೈಯಲ್ಲಿರುವುದು ಮುದ್ರಿತ ಪತ್ರಿಕೆ. ಆಮೇಲೆ ಬಾರ್‌ನಲ್ಲಿ ನಾಯಕಿ ರೇಚೆಲ್‌ಗೆ ಕರೆ ಮಾಡುತ್ತಾನೆ. ಪರದೆಯಲ್ಲಿ ಅವಳ ಮುಖ ಮೂಡುತ್ತದೆ, ಅವಳು ಬರುವುದಿಲ್ಲ ಎನ್ನುತ್ತಾಳೆ, ಕರೆ ಮುಗಿದೊಡನೆ ಶುಲ್ಕ 1.25 ಡಾಲರ್ ಎಂದು ತೋರಿಸುತ್ತದೆ. ಮುಖ ನೋಡಿ ಮಾತನಾಡುವ ಫೋನ್ 1982ರಲ್ಲೇ ಹೊಳೆದಿದೆ, ಅದನ್ನು ಜೇಬಿಗೆ ಹಾಕಿಕೊಳ್ಳುವುದು ಹೊಳೆದಿಲ್ಲ. ಊರ ಮೇಲೆ ಕಾರು ಹಾರುತ್ತದೆ, ಫೋನ್ ಮಾತ್ರ ಇದ್ದಲ್ಲಿಂದ ಕದಲುವುದಿಲ್ಲ.

ಇದು ಹಳೆಯ ಕಾಲದ ಮಾತು ಅಂದುಕೊಂಡು 2005ರ ‘ದಿ ಐಲ್ಯಾಂಡ್’ ನೋಡಿದೆ. ಅದೂ 2019ರ ಕಥೆಯೇ. ಮನುಷ್ಯರ ನಕಲುಗಳನ್ನು ಬೆಳೆಸುವ ಕೇಂದ್ರದಿಂದ ತಪ್ಪಿಸಿಕೊಂಡು ಬಂದ ಜೋಡಿ ಮಾಹಿತಿ ಹುಡುಕುವುದು ಬೀದಿಯ ಬೂತ್‌ನಲ್ಲಿ! ಐಫೋನ್ ಮಾರುಕಟ್ಟೆಗೆ ಬರಲು ಎರಡೇ ವರ್ಷ ಬಾಕಿಯಿತ್ತು. ಆ ದೃಶ್ಯಕ್ಕೆ ನಾನು ಮತ್ತೆ ಮತ್ತೆ ಹೋಗಿದ್ದೇನೆ. ಕಥೆಯ ಕೇಂದ್ರದಲ್ಲಿರುವ ನಗರವನ್ನು, ಮನುಷ್ಯನ ನಕಲನ್ನು ಚಿತ್ರ ಮಾಡುವವರು ಬುಡದಿಂದ ಹೊಸದಾಗಿ ಯೋಚಿಸುತ್ತಾರೆ. ಕಥೆ ಮುಂದೆ ಸಾಗಲು ಬೇಕಾದ ಚಿಕ್ಕಪುಟ್ಟ ವಸ್ತುಗಳ ಬಗ್ಗೆ ಅಷ್ಟು ಯೋಚಿಸುವುದಿಲ್ಲ. ಅಲ್ಲಿ ತಮಗೆ ಅಭ್ಯಾಸವಾದದ್ದೇ ನುಸುಳುತ್ತದೆ.

ಕಾದಂಬರಿಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಕ್ಯಾಮೆರಾ ಮೇಜಿನ ಮೇಲಿದ್ದದ್ದನ್ನೆಲ್ಲ ತೋರಿಸಿಬಿಡುತ್ತದೆ, ಲೇಖಕ ಬೇಕಾದದ್ದನ್ನಷ್ಟೇ ಹೇಳುತ್ತಾನೆ. ಹಾಗಾಗಿ ಈಗ ಓದುವಾಗ, ಯಾರಾದರೂ ಜೇಬಿಗೆ ಕೈಹಾಕುವ ವಾಕ್ಯ ಬಂದರೆ ಪುಟದ ಸಂಖ್ಯೆ ಬರೆದುಕೊಳ್ಳುತ್ತೇನೆ.