ಚಿಕ್ಕಮ್ಮ ನನ್ನ ಸರ್ವರ್ ಬಿಟ್ಟು ಹೋದರು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ, ಟಿವಿ ಪಕ್ಕ ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇದೆ. ಅದರಲ್ಲಿ ಪ್ರೊಸೋಡಿ ಅನ್ನೋ ಚಾಟ್ ಸರ್ವರ್ ಸಾಫ್ಟ್‌ವೇರ್ ಓಡುತ್ತದೆ. ನಮ್ಮ ಮನೆಮಂದಿಯ ಚಾಟ್ ಎಲ್ಲ ಅದರ ಮೂಲಕವೇ.

ಇದು ಬಳಸೋ ಚಾಟ್ ಪದ್ಧತಿಯ ಹೆಸರು ಎಕ್ಸ್‌ಎಂಪಿಪಿ. 1999ರಲ್ಲಿ ಜ್ಯಾಬರ್ ಅನ್ನೋ ಹೆಸರಲ್ಲಿ ಶುರುವಾದದ್ದು. ಇಮೇಲ್ ಥರ, ನಿಮ್ಮ ಖಾತೆ ಒಂದು ಸರ್ವರಿನಲ್ಲಿ, ನನ್ನದು ಇನ್ನೊಂದರಲ್ಲಿ ಇದ್ದರೂ ಮಾತಾಡಬಹುದು. ಎಲ್ಲಕ್ಕೂ ಒಬ್ಬನೇ ಯಜಮಾನ ಅಂತ ಇಲ್ಲ.

ಸಾಫ್ಟ್‌ವೇರ್ ಹಾಕೋದು ಕಷ್ಟ ಆಗಲಿಲ್ಲ, ಕಷ್ಟ ಆಗಿದ್ದು ಇಂಟರ್ನೆಟ್ ಸಂಪರ್ಕದಲ್ಲಿ. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದರು. ಹೊರಗಿನ ಸರ್ವರ್ ನಮ್ಮ ಬಾಗಿಲು ತಟ್ಟೋಕೇ ಆಗುತ್ತಿರಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಮಗೇ ಅಂತ ಬದಲಾಗದ ಒಂದು ವಿಳಾಸ, ತಗೊಂಡೆ. ಒಳಬರೋ ಬಾಗಿಲುಗಳ ಥರದ ಪೋರ್ಟ್‌ಗಳಲ್ಲಿ ಫೋನುಗಳಿಗೆ 5222, ಬೇರೆ ಸರ್ವರುಗಳಿಗೆ 5269 ತೆರೆದೆ. ಬೇರೆಯವರು ನಮ್ಮ ಸರ್ವರನ್ನು ಹುಡುಕೋ ಡೊಮೇನ್ ಹೆಸರು ಮಾತ್ರ ಬಾಡಿಗೆಯದ್ದೇ. ನಮ್ಮದರ ಥರ ಡಾಟ್ ಇನ್ ಅಂತ ಮುಗಿಯೋ ಹೆಸರುಗಳನ್ನು ನೋಡಿಕೊಳ್ಳೋದು ನಿಕ್ಸಿ ಅನ್ನೋ ಸಂಸ್ಥೆ. ಶುಲ್ಕ ಕಟ್ಟೋದು ಮರೆತರೆ, ಪೈ ಓಡುತ್ತಿದ್ದರೂ ಯಾರಿಗೂ ಸಿಗಲ್ಲ. ಅಷ್ಟರ ಮಟ್ಟಿಗೆ ಜುಟ್ಟು ಇನ್ನೂ ಬೇರೆಯವರ ಕೈಯಲ್ಲೇ ಇದೆ.

ನಾನು ಎಡವಿದ್ದು ಲಾಗ್‌ನಲ್ಲಿ, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡೋ ದಾಖಲೆಯಲ್ಲಿ. ತೊಂದರೆ ಹುಡುಕೋಕೆ ಅಂತ ಎಲ್ಲವನ್ನೂ ಬರೆದಿಡೋ ಡೀಬಗ್ ಲಾಗ್ ಹಾಕಿದ್ದೆ, ತೆಗೆಯೋದು ಮರೆತಿದ್ದೆ. ಓಮೆಮೊ ಅನ್ನೋ ಗೂಢಲಿಪಿ ವ್ಯವಸ್ಥೆ ಇದ್ದದ್ದರಿಂದ ಮಾತಿಗೆ ಬೀಗ ಇತ್ತು. ಆದರೆ ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ ಅನ್ನೋದು ಸಾಲು ಸಾಲಾಗಿ ಕಾಣುತ್ತಿತ್ತು. ಒಂದು ರಾತ್ರಿ 2 ಗಂಟೆಯಿಂದ 3ರವರೆಗೆ ಮಂಡ್ಯದ ಚಿಕ್ಕಮ್ಮ ಮಗಳಿಗೆ ಬರೆಯುತ್ತಲೇ ಇದ್ದರು. ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದೆ. "ಚಿಕ್ಕಮ್ಮ, ರಾತ್ರಿ ನಿದ್ದೆ ಮಾಡ್ಲಿಲ್ವಾ? ಹುಷಾರಿದ್ದೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನಗೆ ಹೆಂಗೆ ಗೊತ್ತಾಯ್ತು?"

ಇದ್ದದ್ದು ಇದ್ದ ಹಾಗೆ ಹೇಳಿದೆ. ದೊಡ್ಡ ಕಂಪನಿಗಳಿಗೆ ಕಾಣಬಾರದು ಅಂತ ಎಲ್ಲರನ್ನೂ ಕರೆತಂದವನು ನಾನೇ. ಈಗ ಕಾಣುತ್ತಿದ್ದದ್ದು ನನಗೆ. ಕಂಪನಿಗೆ ಚಿಕ್ಕಮ್ಮ ಯಾರೋ ಏನೋ. ನನಗೆ ಅವರ ಮನೆಯ ಕಷ್ಟವೂ ಗೊತ್ತು. ಹಾಗಾಗಿ ಇದು ಜಾಸ್ತಿ ನೋಯಿಸುತ್ತೆ ಅಲ್ವಾ?

ಅವತ್ತೇ ಲಾಗನ್ನು ಎಚ್ಚರಿಕೆಗಳಿಗಷ್ಟೇ ಇಳಿಸಿದೆ, ಹಳೆಯದನ್ನು ಅಳಿಸಿದೆ. ಆದರೂ ಚಿಕ್ಕಮ್ಮ ಮಗಳಿದ್ದ ಸರ್ವರಿಗೇ ಹೋಗ್ತೀನಿ ಅಂದರು. ಮಂಡ್ಯಕ್ಕೆ ಹೋಗಿ ಹೊಸ ಖಾತೆ ಮಾಡಿಕೊಟ್ಟೆ, ಅವರೆದುರೇ ಹಳೆಯದನ್ನು ತೆಗೆದೆ. ಅವರು ಚಾಟ್ ಮಾಡೋರ ಹೆಸರುಗಳನ್ನು ಒಂದೊಂದೇ ಮತ್ತೆ ಸೇರಿಸಬೇಕಾಯಿತು, ಅಷ್ಟೇ.

ಈಗ ಅವರು ಮಗಳಿಗೆ ಬರೆದದ್ದು ನನ್ನ ಪೈ ಕಡೆ ಬರೋದೇ ಇಲ್ಲ. ನನಗೆ ಬರೆದದ್ದು ಬರುತ್ತದೆ. ನಿನ್ನೆ ಬಂದದ್ದು: "ಹುರುಳಿಕಾಳು ಬಸ್ಸಾರು ಮಾಡ್ತೀನಿ, ಭಾನುವಾರ ಬಾ."